ಕಲ್ಟ್: ವಿಚಿತ್ರವಾದದ್ದೆಲ್ಲ ಕಲ್ಟ್ ಆಗುವುದಿಲ್ಲ

ಕನ್ನಡದಲ್ಲಿ ಈ ಪದ ಈಗ ಎರಡು ವೇಷದಲ್ಲಿ ಓಡಾಡುತ್ತಿದೆ. ಥಿಯೇಟರಿನಲ್ಲಿ ಸೋತು ಆಮೇಲೆ ಅಭಿಮಾನಿಗಳ ಬಾಯಲ್ಲಿ ಗೆದ್ದ ಸಿನಿಮಾವನ್ನು 'ಕಲ್ಟ್' ಎಂದು ಹೊಗಳುತ್ತೇವೆ. ಯಾವನೋ ಗುರುವಿನ ಹಿಂದೆ ಮನೆಮಠ ಬಿಟ್ಟು ಹೋದ ಗುಂಪನ್ನು ಅದೇ ಪದದಿಂದ ಬೈಯುತ್ತೇವೆ. ಮೂಲದ ಲ್ಯಾಟಿನ್ನಿನಲ್ಲಿ ಅದಕ್ಕೆ ಆರೈಕೆ, ಪೂಜೆ ಎಂಬರ್ಥವಿತ್ತು. ಬೈಗುಳ ಆಮೇಲೆ ಅಂಟಿಕೊಂಡದ್ದು. 'ಪಂಥ' ಎಂದು ಅನುವಾದಿಸಿದರೆ ಸಾಲದು. ಪಂಥವೆಂದರೆ ದಾರಿ, ಹೋದವರು ವಾಪಸು ಬರಬಹುದು. ಕಲ್ಟ್ ಅನ್ನುವಾಗ ನಮ್ಮ ಮನಸ್ಸಿನಲ್ಲಿರುವುದು ವಾಪಸು ಬರಲು ಬಿಡದ ಜಾಗ.

ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಅನ್ನುತ್ತೇವಲ್ಲ, 17ನೇ ಶತಮಾನದ ಇಂಗ್ಲೆಂಡಿಗೆ ಅಂಥ ಎಡವಟ್ಟರಾಗಿ ಕಂಡವರು ಕ್ವೇಕರರು ಎಂಬ ಕ್ರೈಸ್ತ ಪಂಗಡದವರು. ಜಾರ್ಜ್ ಫಾಕ್ಸ್ ಎಂಬಾತನ ಸುತ್ತ ಸೇರಿದ ಇವರಿಗೆ ಪಾದ್ರಿ ಬೇಡ, ದೀಕ್ಷಾಸ್ನಾನವೂ ಬೇಡ. ನ್ಯಾಯಾಧೀಶನ ಮುಂದೆ ಟೋಪಿ ತೆಗೆಯರು, ಕೋರ್ಟಿನಲ್ಲಿ ಪ್ರಮಾಣ ಮಾಡರು. ದೊಡ್ಡವರನ್ನೂ ಏಕವಚನದಲ್ಲೇ ಮಾತಾಡಿಸುತ್ತಿದ್ದರು. ಅದು ಎಷ್ಟು ಉರಿಸಿರಬೇಕೆಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. 1662ರಲ್ಲಿ ಇವರಿಗೆಂದೇ ಒಂದು ಕಾನೂನು ಬಂತು, ಸಾವಿರಾರು ಜನ ಜೈಲು ಕಂಡರು.

ಅವರ ಹಳೆಯ ಪದ್ಧತಿಯ ಪ್ರಾರ್ಥನೆ ಇಂದಿಗೂ ಹೀಗಿರುತ್ತದೆ: ಬರಿ ಗೋಡೆಯ ಕೋಣೆ, ಬೆಂಚುಗಳು, ಸುಮಾರು ಒಂದು ಗಂಟೆ ಮೌನ. ಒಳಗಿಂದ ಮಾತು ಬಂದವರು, ಯಾರೇ ಆಗಲಿ, ಎದ್ದು ಎರಡು ಮಾತಾಡಿ ಕೂರುತ್ತಾರೆ. ಆಡಳಿತದ ಸಭೆಯಲ್ಲಿ ವೋಟಿಲ್ಲ. ಬರೆದ ನಿರ್ಣಯವನ್ನು ಅಲ್ಲೇ ಓದುತ್ತಾರೆ. ಗಟ್ಟಿಯಾದ ತಕರಾರು ಎದ್ದರೆ ವಿಷಯ ಮುಂದಕ್ಕೆ ಹೋಗಬಹುದು. ಎಷ್ಟೋ ಸಲ ತಿಂಗಳುಗಟ್ಟಲೆ. ನನಗಂತೂ ಅಷ್ಟು ತಾಳ್ಮೆಯಿಲ್ಲ.

ಇನ್ನು ಪೀಪಲ್ಸ್ ಟೆಂಪಲ್. ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ 1950ರ ದಶಕದಲ್ಲಿ ಜಿಮ್ ಜೋನ್ಸ್ ಕಟ್ಟಿದ ಚರ್ಚು. ಕಪ್ಪು ಜನ, ಬಿಳಿ ಜನ ಒಂದೇ ಬೆಂಚಿನಲ್ಲಿ ಕೂರುತ್ತಿದ್ದರು. ಹಸಿದವರಿಗೆ ಊಟ, ಮುದುಕರಿಗೆ ಆಸರೆ ಸಿಗುತ್ತಿತ್ತು. ಡಿಸೈಪಲ್ಸ್ ಆಫ್ ಕ್ರೈಸ್ಟ್ ಎಂಬ ಮರ್ಯಾದಸ್ಥ ಪಂಗಡಕ್ಕೆ ಅದು ಸೇರಿತ್ತು. ಆಮೇಲೆ ಕ್ಯಾಲಿಫೋರ್ನಿಯಾಕ್ಕೆ ಹೋಯಿತು. 1976ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಮೇಯರ್ ಜೋನ್ಸ್‌ನನ್ನು ನಗರದ ವಸತಿ ಆಯೋಗಕ್ಕೇ ನೇಮಿಸಿದರು. ಹೊರಗಿನಿಂದ ಅಳೆದಿದ್ದರೆ ಕ್ವೇಕರರು ಫೇಲು, ಜೋನ್ಸ್ ಪಾಸು.

ಒಳಗಿನ ಕಥೆ ಬೇರೆ. ಸದಸ್ಯರು ಮನೆ, ಸಂಬಳ ಒಪ್ಪಿಸಬೇಕಿತ್ತು. ಖಾಲಿ ಹಾಳೆಗೆ ಸಹಿ ಹಾಕಿಸಿಕೊಳ್ಳುತ್ತಿದ್ದರು, ಮಾಡದ ತಪ್ಪನ್ನು ಮಾಡಿದ್ದೇನೆಂದು ಬರೆಸಿಕೊಳ್ಳುತ್ತಿದ್ದರು. ಬಿಟ್ಟುಹೋದರೆ ಆ ಹಾಳೆಗಳು ಹೊರಬರುತ್ತವೆಂಬ ಭಯ. 1977ರಲ್ಲಿ ನೂರಾರು ಜನರನ್ನು ಗಯಾನಾದ ಕಾಡಿನೊಳಗಿನ ಜೋನ್ಸ್‌ಟೌನ್‌ಗೆ ಸಾಗಿಸಿದ ಮೇಲಂತೂ ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡರು, ಕಾಗದಗಳನ್ನು ಒಡೆದು ಓದಿದರು. ಹಗಲು ರಾತ್ರಿಯೆನ್ನದೆ ಧ್ವನಿವರ್ಧಕದಲ್ಲಿ ಜೋನ್ಸ್‌ನದೇ ಗಂಟಲು.

1978ರ ನವೆಂಬರಿನಲ್ಲಿ ಅಮೆರಿಕದ ಸಂಸದ ಲಿಯೋ ರಯಾನ್ ವಿಚಾರಿಸಲು ಬಂದರು. ಆ ರಾತ್ರಿ ಹಾಡು, ಕುಣಿತ, ಒಳ್ಳೆಯ ಊಟ. ಗದ್ದಲದ ನಡುವೆ ಅಲ್ಲಿನ ಸದಸ್ಯನೊಬ್ಬ, ರಯಾನ್ ಜೊತೆಗೆ ಬಂದಿದ್ದ ವರದಿಗಾರನ ಕೈಗೆ ಒಂದು ಚೀಟಿ ದಾಟಿಸಿದ: ನಮ್ಮನ್ನು ಇಲ್ಲಿಂದ ಪಾರು ಮಾಡಿ. ಮರುದಿನ, 18ರಂದು, ಹೊರಡಲು ಧೈರ್ಯ ಮಾಡಿದ ಹದಿನೈದು ಜನರೊಂದಿಗೆ ರಯಾನ್ ವಿಮಾನ ಹತ್ತುವಷ್ಟರಲ್ಲಿ ಗುಂಡು ಹಾರಿತು. ಅವರೂ ಇನ್ನು ನಾಲ್ವರೂ ಸತ್ತರು. ಅದೇ ಸಂಜೆ ಜೋನ್ಸ್‌ಟೌನ್‌ನಲ್ಲಿ 900ಕ್ಕೂ ಹೆಚ್ಚು ಜನ ಸತ್ತರು, ಬಹುಪಾಲು ಸಯನೈಡ್ ಬೆರೆಸಿದ ಪಾನೀಯದಿಂದ. ಅವರಲ್ಲಿ ಸುಮಾರು 300 ಮಕ್ಕಳು. ಪತ್ರಿಕೆಗಳು 'ಸಾಮೂಹಿಕ ಆತ್ಮಹತ್ಯೆ' ಎಂದು ಬರೆದವು. ಮಗುವಿನ ಬಾಯಿಗೆ ವಿಷ ಹಾಕಿದ್ದು ಆತ್ಮಹತ್ಯೆ ಹೇಗಾದೀತು?

ಹಾಗಾಗಿ ಯಾವುದೇ ಗುಂಪಿನ ಬಗ್ಗೆ ನಾನು ಮೊದಲು ಕೇಳುವುದು ಅವರ ನಂಬಿಕೆಯನ್ನಲ್ಲ. ಲೆಕ್ಕಪತ್ರ ಯಾರಿಗೆ ತೋರಿಸುತ್ತಾರೆ, ಗುರುವಿಗೆ ಎದುರು ಮಾತಾಡಿದವನ ಗತಿಯೇನು, ಬಿಟ್ಟುಬಂದವನ ಜೊತೆ ಹೆಂಡತಿ ಮಕ್ಕಳು ಮಾತಾಡುತ್ತಾರೆಯೇ ಎಂದು ಕೇಳುತ್ತೇನೆ. ಕ್ವೇಕರರೂ ಇದರಲ್ಲಿ ಪೂರಾ ಶುದ್ಧರೇನಲ್ಲ; ಹೊರಗಿನವರನ್ನು ಮದುವೆಯಾದವರನ್ನು ಇಂಗ್ಲೆಂಡಿನಲ್ಲಿ 19ನೇ ಶತಮಾನದ ನಡುವಿನವರೆಗೂ ಸದಸ್ಯತ್ವದಿಂದ ತೆಗೆದುಹಾಕುತ್ತಿದ್ದರು. ಆಮೇಲೆ ತಾವೇ ನಿಯಮ ಬದಲಿಸಿಕೊಂಡರು.

ನನಗೆ ತೊಡಕಾಗುವುದು ಆಮಿಷ್ ಜನರ, ಅಂದರೆ ಅಮೆರಿಕದಲ್ಲಿ ಹಳೆಯ ಕಾಲದ ಹಾಗೆಯೇ ಬದುಕುವ ಒಂದು ಕ್ರೈಸ್ತ ಪಂಗಡದವರ ವಿಷಯದಲ್ಲಿ. ಅವರಲ್ಲಿ ದೀಕ್ಷಾಸ್ನಾನ ಪ್ರಾಯಕ್ಕೆ ಬಂದ ಮೇಲೆಯೇ. ಅದಕ್ಕೆ ಮೊದಲು ಬಿಟ್ಟುಹೋದವರಿಗೆ ಬಹಿಷ್ಕಾರವಿಲ್ಲ, ಆಮೇಲೆ ಹೋದರೆ ಉಂಟು. ಒಪ್ಪಿ ಸಹಿ ಹಾಕಿದ ಹಾಗೆಯೇ ಅಲ್ಲವೇ ಅನ್ನಬಹುದು. ಕಟ್ಟುನಿಟ್ಟಿನ ಮನೆಗಳಲ್ಲಿ, ಬಿಟ್ಟುಹೋದ ಮಗ ಊರಿಗೆ ಬಂದಾಗ ತಾಯಿ ಊಟವನ್ನೇನೋ ಹಾಕುತ್ತಾಳೆ. ತಟ್ಟೆ ಮಾತ್ರ ಬೇರೆ ಮೇಜಿನ ಮೇಲಿರುತ್ತದೆ.