ಡೇಟಾ ಸೆಂಟರ್ ಬೇಕೋ ಬೇಡವೋ: ಊರಿನ ಮತದ ಹಕ್ಕು ನಡೆದುಬಂದ ದಾರಿ

1906ರಲ್ಲಿ ಅಮೆರಿಕದ ಆರೆಗಾನ್ ರಾಜ್ಯದ ಮತದಾರರು ತಾವೇ ಸಹಿ ಸಂಗ್ರಹಿಸಿ, ತಾವೇ ಮತ ಹಾಕಿ, ಟೆಲಿಫೋನ್ ಮತ್ತು ಟೆಲಿಗ್ರಾಫ್ ಕಂಪನಿಗಳ ಒಟ್ಟು ಆದಾಯದ ಮೇಲೆ ಶೇ 2ರಷ್ಟು ತೆರಿಗೆ ವಿಧಿಸುವ ಕಾನೂನನ್ನು ಜಾರಿಗೆ ತಂದರು. ಪೆಸಿಫಿಕ್ ಸ್ಟೇಟ್ಸ್ ಟೆಲಿಫೋನ್ ಕಂಪನಿ ಆ ತೆರಿಗೆ ಕಟ್ಟಲು ಒಪ್ಪಲಿಲ್ಲ. ಕಾನೂನು ಮಾಡುವುದು ಚುನಾಯಿತ ಪ್ರತಿನಿಧಿಗಳ ಕೆಲಸ, ಜನರೇ ನೇರವಾಗಿ ಅದಕ್ಕೆ ಕೈಹಾಕುವುದು ಸಂವಿಧಾನವು ರಾಜ್ಯಗಳಿಗೆ ಖಾತರಿಪಡಿಸಿರುವ ಗಣರಾಜ್ಯ ವ್ಯವಸ್ಥೆಗೆ ವಿರುದ್ಧ ಎಂದು ಅದು ವಾದಿಸಿತು. 1912ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಇದು ನ್ಯಾಯಾಲಯ ತೀರ್ಮಾನಿಸಬೇಕಾದ ಪ್ರಶ್ನೆಯಲ್ಲ, ರಾಜಕೀಯ ಪ್ರಶ್ನೆ ಎಂದು ಹೇಳಿ ಪ್ರಕರಣವನ್ನು ವಜಾ ಮಾಡಿತು. ಊರಿನ ಪಕ್ಕದಲ್ಲಿ ಡೇಟಾ ಸೆಂಟರ್ (ಇಂಟರ್ನೆಟ್ ಸೇವೆಗಳನ್ನು ನಡೆಸುವ ಸಾವಿರಾರು ಕಂಪ್ಯೂಟರ್‌ಗಳಿರುವ ಬೃಹತ್ ಕಟ್ಟಡ) ಬರಬೇಕೇ ಎಂಬುದನ್ನು ಜನಮತಗಣನೆಗೆ ಬಿಡಬಾರದೆಂದು ಇಂದು ಹೇಳುವವರ ವಾದದ ಬೇರು ಇರುವುದು ಆ ಕಂಪನಿಯ ವಾದದಲ್ಲೇ. ಆದ್ದರಿಂದ ಈ ಹಕ್ಕು ಎಲ್ಲಿಂದ ಬಂತು, ಯಾರ ವಿರುದ್ಧ ಬಂತು ಎಂಬುದನ್ನು ನೋಡದೆ ಇಂದಿನ ಜಗಳ ಅರ್ಥವಾಗುವುದಿಲ್ಲ.

ನೇರ ಶಾಸನದ ಹಕ್ಕನ್ನು ಮೊದಲು ತನ್ನ ಸಂವಿಧಾನಕ್ಕೆ ಸೇರಿಸಿಕೊಂಡ ರಾಜ್ಯ ಸೌತ್ ಡಕೋಟಾ, ಅದು 1898ರಲ್ಲಿ. ಆರೆಗಾನ್ 1902ರಲ್ಲಿ ಅದನ್ನು ಒಪ್ಪಿಕೊಂಡು, 1906ರಲ್ಲಿ ನಗರ ಮತ್ತು ಪಟ್ಟಣಗಳ ಮಟ್ಟಕ್ಕೂ ವಿಸ್ತರಿಸಿತು. ಕ್ಯಾಲಿಫೋರ್ನಿಯಾದಲ್ಲಿ ಸದರ್ನ್ ಪೆಸಿಫಿಕ್ ರೈಲ್ವೆಯ ಹಿಡಿತಕ್ಕೆ ಶಾಸನಸಭೆಯೇ ಸಿಕ್ಕಿಕೊಂಡಿದೆ ಎಂಬ ಆಕ್ರೋಶದ ನಡುವೆ ಗವರ್ನರ್ ಆದ ಹೈರಮ್ ಜಾನ್ಸನ್ 1911ರಲ್ಲಿ ಇದೇ ಸುಧಾರಣೆಯನ್ನು ತಂದರು. ಅಂದರೆ ಒಂದೇ ದೊಡ್ಡ ಕಂಪನಿ ಜನಪ್ರತಿನಿಧಿಗಳನ್ನು ಒಲಿಸಿಕೊಂಡಾಗ ಮತದಾರನ ಕೈಯಲ್ಲಿ ಉಳಿಯಬೇಕಾದ ಕೊನೆಯ ತಡೆಯಾಗಿಯೇ ಈ ಹಕ್ಕು ರೂಪುಗೊಂಡಿತು.

ಭೂಬಳಕೆಯ ವಿಷಯದಲ್ಲಿ ಈ ಹಕ್ಕಿಗೆ ಗಟ್ಟಿ ನೆಲೆ ಕೊಟ್ಟದ್ದು ಒಹಾಯೊ ರಾಜ್ಯದ ಈಸ್ಟ್‌ಲೇಕ್ ನಗರದ ಪ್ರಕರಣ. ಎಂಟು ಎಕರೆ ಜಮೀನಿನಲ್ಲಿ ಬಹುಮಹಡಿ ವಸತಿ ಕಟ್ಟಡ ಕಟ್ಟಲು ಫಾರೆಸ್ಟ್ ಸಿಟಿ ಎಂಬ ಸಂಸ್ಥೆ ಭೂಬಳಕೆ ಬದಲಾವಣೆ ಕೋರಿತ್ತು. ಅರ್ಜಿ ಇನ್ನೂ ವಿಚಾರಣೆಯಲ್ಲಿರುವಾಗಲೇ ನಗರದ ಮತದಾರರು, ಇಂಥ ಪ್ರತಿಯೊಂದು ಬದಲಾವಣೆಗೂ ಶೇ 55ರಷ್ಟು ಮತಗಳ ಒಪ್ಪಿಗೆ ಬೇಕೆಂಬ ನಿಯಮವನ್ನು ನಗರದ ಸನ್ನದಿಗೆ ಸೇರಿಸಿದರು. ಸಂಸ್ಥೆ ಕೋರ್ಟಿಗೆ ಹೋಯಿತು. ಒಹಾಯೊದ ಸರ್ವೋಚ್ಚ ನ್ಯಾಯಾಲಯ ಅದರ ಪರವಾಗಿಯೇ ತೀರ್ಪು ನೀಡಿತು. ಆದರೆ 1976ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿತು. ಅಧಿಕಾರವೆಲ್ಲ ಹುಟ್ಟುವುದು ಜನರಿಂದ, ಹಾಗಿರುವಾಗ ಜನರು ತಮ್ಮಲ್ಲೇ ಉಳಿಸಿಕೊಂಡ ಅಧಿಕಾರವನ್ನು ಬೇರೆಯವರಿಗೆ ವಹಿಸಿಕೊಟ್ಟ ಅಧಿಕಾರ ಎಂದು ಕರೆಯಲಾಗದು ಎಂಬುದು ಮುಖ್ಯ ನ್ಯಾಯಮೂರ್ತಿ ಬರ್ಗರ್ ಬರೆದ ಬಹುಮತದ ತೀರ್ಪಿನ ತಿರುಳು.

ಈ ಹಕ್ಕನ್ನು ಸಮರ್ಥಿಸುವವರು ಅದರ ಕರಾಳ ಮುಖವನ್ನು ಮುಚ್ಚಿಡಬಾರದು. ಒಹಾಯೊದ ಆಕ್ರನ್ ನಗರದಲ್ಲಿ ಜನಾಂಗೀಯ ತಾರತಮ್ಯವಿಲ್ಲದ ವಸತಿಗಾಗಿ ಮಾಡುವ ಯಾವುದೇ ಕಾನೂನಿಗೆ ಮತದಾರರ ಒಪ್ಪಿಗೆ ಕಡ್ಡಾಯಗೊಳಿಸಲಾಗಿತ್ತು; 1969ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು. ಕ್ಯಾಲಿಫೋರ್ನಿಯಾದಲ್ಲಿ 1950ರಿಂದ ಬಡವರಿಗಾಗಿ ಸರ್ಕಾರ ಮನೆ ಕಟ್ಟಲು ಸ್ಥಳೀಯ ಜನಮತಗಣನೆ ಬೇಕಿತ್ತು. 1971ರಲ್ಲಿ ಅದೇ ನ್ಯಾಯಾಲಯ ಆ ನಿಯಮವನ್ನು ಎತ್ತಿಹಿಡಿದದ್ದು ನನ್ನ ದೃಷ್ಟಿಯಲ್ಲಿ ಅನ್ಯಾಯ. ಆದರೆ ಬಡ ಕುಟುಂಬವೊಂದನ್ನು ಊರಿನಿಂದ ಹೊರಗಿಡಲು ಹಾಕುವ ಮತಕ್ಕೂ, ಊರಿನ ವಿದ್ಯುತ್ತು, ನೀರು ಮತ್ತು ಜಮೀನನ್ನು ಕೇಳಿಕೊಂಡು ಬಂದ ಉದ್ಯಮವೊಂದರ ಷರತ್ತುಗಳನ್ನು ಒರೆಗೆ ಹಚ್ಚಲು ಹಾಕುವ ಮತಕ್ಕೂ ಅಜಗಜಾಂತರವಿದೆ. ಮೊದಲನೆಯದನ್ನು ತಡೆಯಲು ಸಮಾನತೆಯ ಕಾನೂನುಗಳಿವೆ. ಅವು ಇನ್ನಷ್ಟು ಬಲವಾಗಬೇಕು. ಎರಡನೆಯದು ಪೌರತ್ವದ ಸಹಜ ಕೆಲಸ.

ಇಲ್ಲಿ ಕೇಳುತ್ತಿರುವುದರ ಗಾತ್ರವನ್ನು ಗಮನಿಸಬೇಕು. ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯ 2024ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 2023ರಲ್ಲಿ ಅಮೆರಿಕದ ಒಟ್ಟು ವಿದ್ಯುತ್ ಬಳಕೆಯಲ್ಲಿ ಶೇ 4.4ರಷ್ಟು ಡೇಟಾ ಸೆಂಟರ್‌ಗಳ ಪಾಲಾಗಿತ್ತು. 2028ರ ವೇಳೆಗೆ ಅದು ಶೇ 6.7ರಿಂದ 12ಕ್ಕೆ ಏರಬಹುದೆಂದು ಅಂದಾಜಿಸಲಾಗಿದೆ. ವಿದ್ಯುತ್ ಮಾರ್ಗಗಳನ್ನು ಎಳೆಯುವ, ಸಬ್‌ಸ್ಟೇಷನ್ ಕಟ್ಟುವ ವೆಚ್ಚ ಯಾರ ಬಿಲ್ಲಿಗೆ ಸೇರುತ್ತದೆ ಎಂಬುದು ಮನೆಮನೆಯ ಪ್ರಶ್ನೆ.

ಅದಕ್ಕಿಂತ ಹೆಚ್ಚು ಕಾಡುವುದು ಗೋಪ್ಯತೆ. ಆರೆಗಾನ್‌ನ ದ ಡಾಲ್ಸ್ ಎಂಬ ಪುಟ್ಟ ನಗರದಲ್ಲಿ ಗೂಗಲ್‌ನ ಡೇಟಾ ಸೆಂಟರ್‌ಗಳು ಎಷ್ಟು ನೀರು ಬಳಸುತ್ತಿವೆ ಎಂದು ಪತ್ರಿಕೆಯೊಂದು ಕೇಳಿತು. ಅದು ವ್ಯಾಪಾರ ರಹಸ್ಯ ಎಂದ ನಗರಾಡಳಿತ, ಮಾಹಿತಿ ಹೊರಬರದಂತೆ ತಡೆಯಲು 2021ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿತು. ಒಂದು ವರ್ಷಕ್ಕೂ ಹೆಚ್ಚು ಕಾಲದ ವ್ಯಾಜ್ಯ 2022ರ ಡಿಸೆಂಬರ್‌ನಲ್ಲಿ ರಾಜಿಯಲ್ಲಿ ಮುಗಿದು ದಾಖಲೆಗಳು ಬಯಲಾದಾಗ, ನಗರದ ಒಟ್ಟು ನೀರಿನ ಕಾಲು ಭಾಗಕ್ಕೂ ಹೆಚ್ಚು ಆ ಒಂದೇ ಕಂಪನಿಗೆ ಹೋಗುತ್ತಿದ್ದುದು ತಿಳಿಯಿತು. ತಮ್ಮದೇ ನಗರದ ನೀರಿನ ಲೆಕ್ಕವನ್ನು ತಮ್ಮಿಂದಲೇ ಬಚ್ಚಿಟ್ಟ ಆಡಳಿತವನ್ನು ಜನರು ಕಣ್ಣುಮುಚ್ಚಿ ನಂಬಬೇಕೆಂದು ಹೇಳುವುದು ಹೇಗೆ? ಜನಮತಗಣನೆ ಬರುತ್ತದೆಂದು ಗೊತ್ತಿದ್ದರೆ ಇಂಥ ಅಂಕಿಗಳನ್ನು ಮೊದಲೇ ಮೇಜಿನ ಮೇಲಿಡಬೇಕಾಗುತ್ತದೆ. ಅದರ ಅತಿ ದೊಡ್ಡ ಪ್ರಯೋಜನ ಇದೇ ಎಂದು ನಾನು ಭಾವಿಸುತ್ತೇನೆ.

ಅಂಥ ಹಕ್ಕು ಇಲ್ಲದ ಕಡೆ ಏನಾಗುತ್ತದೆ ಎಂಬುದಕ್ಕೆ ವರ್ಜೀನಿಯಾದ ಪ್ರಿನ್ಸ್ ವಿಲಿಯಂ ಕೌಂಟಿಯ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಉದಾಹರಣೆಯಿದೆ. ಅಲ್ಲಿ 2,100 ಎಕರೆಗೂ ಮಿಕ್ಕಿದ ಡೇಟಾ ಸೆಂಟರ್ ಯೋಜನೆಗೆ 2023ರ ಡಿಸೆಂಬರ್‌ನಲ್ಲಿ ಒಂದು ದಿನಕ್ಕೂ ಮೀರಿ ಎಳೆದ ಸಭೆಯ ಕೊನೆಗೆ ಒಪ್ಪಿಗೆ ಸಿಕ್ಕಿತು. 2025ರ ಆಗಸ್ಟ್‌ನಲ್ಲಿ ನ್ಯಾಯಾಧೀಶರೊಬ್ಬರು ಅದನ್ನು ಅಸಿಂಧುಗೊಳಿಸಿದ್ದು ಸಾರ್ವಜನಿಕ ಪ್ರಕಟಣೆಯಲ್ಲಿ ಆಗಿದ್ದ ಲೋಪದ ಕಾರಣಕ್ಕೆ. ಯೋಜನೆ ಊರಿಗೆ ಒಳಿತೋ ಕೆಡುಕೋ ಎಂಬ ಮೂಲ ಪ್ರಶ್ನೆಯನ್ನು ಮತದಾರರ ಮುಂದಿಡುವ ದಾರಿಯೇ ಅಲ್ಲಿರಲಿಲ್ಲ.

ಹಕ್ಕು ಇರುವ ಕಡೆಯೂ ಅದು ಕೈಜಾರುವುದು ಸುಲಭ. ಮಿಶಿಗನ್‌ನ 2006ರ ಭೂಬಳಕೆ ಕಾಯ್ದೆಯ ಪ್ರಕಾರ, ಟೌನ್‌ಶಿಪ್ (ಕೌಂಟಿಯೊಳಗಿನ ಸಣ್ಣ ಸ್ಥಳೀಯ ಆಡಳಿತ ಘಟಕ) ಮಂಡಳಿಯ ನಿರ್ಣಯವನ್ನು ಜನಮತಗಣನೆಗೆ ಒಯ್ಯಬಯಸುವ ಮತದಾರರು ಅದು ಪ್ರಕಟವಾದ 7 ದಿನಗಳೊಳಗೆ ನೋಟಿಸ್ ಕೊಡಬೇಕು. 30 ದಿನಗಳೊಳಗೆ, ಹಿಂದಿನ ಗವರ್ನರ್ ಚುನಾವಣೆಯಲ್ಲಿ ಅಲ್ಲಿ ಚಲಾವಣೆಯಾದ ಮತಗಳ ಶೇ 15ರಷ್ಟು ಸಹಿ ಸಲ್ಲಿಸಬೇಕು. 2025ರಲ್ಲಿ ಅಗಸ್ಟಾ ಟೌನ್‌ಶಿಪ್‌ನಲ್ಲಿ ಡೇಟಾ ಸೆಂಟರ್‌ಗಾಗಿ 800ಕ್ಕೂ ಹೆಚ್ಚು ಎಕರೆಯ ಭೂಬಳಕೆ ಬದಲಾದಾಗ ನಿವಾಸಿಗಳು ಇಷ್ಟೂ ಮಾಡಿದರು. ಅದೇ ಕೌಂಟಿಯ ಸಲೀನ್ ಟೌನ್‌ಶಿಪ್‌ನ ಕಥೆ ಬೇರೆ. ಅಲ್ಲಿನ ಮಂಡಳಿ ಯೋಜನೆಯನ್ನು ತಿರಸ್ಕರಿಸಿತ್ತು. ಕಂಪನಿ ಮೊಕದ್ದಮೆ ಹೂಡಿತು. ಪುಟ್ಟ ಮಂಡಳಿ ರಾಜಿ ತೀರ್ಪಿಗೆ ಸಹಿ ಹಾಕಿ ಒಪ್ಪಿಕೊಂಡಿತು. ಅದು ಮಂಡಳಿ ಮಾಡಿದ ಕಾನೂನಲ್ಲವಾದ್ದರಿಂದ ಜನರು ಪ್ರಶ್ನಿಸಲು ನಿರ್ಣಯವೇ ಉಳಿಯಲಿಲ್ಲ.

ಹಕ್ಕು ಕೈಜಾರುವ ಇನ್ನೊಂದು ದಾರಿ ರಾಜ್ಯದ ಶಾಸನಸಭೆಯದು. ಅರಿಜೋನಾದ ಸ್ಕಾಟ್ಸ್‌ಡೇಲ್‌ನಲ್ಲಿ ಆಕ್ಸಾನ್ ಕಂಪನಿಯ ಕಚೇರಿ ಮತ್ತು ವಸತಿ ಯೋಜನೆಯ ವಿರುದ್ಧ ನಿವಾಸಿಗಳು ಸಹಿ ಸಂಗ್ರಹಿಸಿ ಜನಮತಗಣನೆಯ ಹಂತ ತಲುಪಿದ್ದರು. 2025ರಲ್ಲಿ ರಾಜ್ಯವು ಹೊಸ ಕಾನೂನು ತಂದು ಆ ಮತದಾನವನ್ನೇ ನಿರರ್ಥಕಗೊಳಿಸಿತು. ಅದು ಡೇಟಾ ಸೆಂಟರ್ ಅಲ್ಲ, ಆದರೆ ದಾರಿ ತೋರಿಸಿಕೊಟ್ಟಾಗಿದೆ.

ಇಷ್ಟು ಜಟಿಲವಾದ ತಾಂತ್ರಿಕ ವಿಷಯ ಸಾಮಾನ್ಯ ಮತದಾರನಿಗೆ ಅರ್ಥವಾಗದು ಎಂಬ ಆಕ್ಷೇಪ ಆಗಾಗ ಕೇಳಿಬರುತ್ತದೆ. ವಿಸ್ಕಾನ್ಸಿನ್‌ನ ಪೋರ್ಟ್ ವಾಷಿಂಗ್ಟನ್ ನಿವಾಸಿಗಳ ಮನವಿ ಇದಕ್ಕೆ ಉತ್ತರ. ಊರಿನ ಪಕ್ಕದಲ್ಲೇ ಬೃಹತ್ ಡೇಟಾ ಸೆಂಟರ್ ಯೋಜನೆ ಬಂದಾಗ ಅವರು ಬರೆದದ್ದು ನಿಷೇಧವನ್ನಲ್ಲ. ಯೋಜನೆಯೊಂದರಿಂದ ಹೆಚ್ಚುವ ಆಸ್ತಿ ತೆರಿಗೆಯನ್ನು ಅದರ ವೆಚ್ಚಕ್ಕೇ ಮೀಸಲಿಡುವ ವಿಶೇಷ ತೆರಿಗೆ ವಲಯವನ್ನು, 1 ಕೋಟಿ ಡಾಲರಿಗೆ ಮೀರಿದ ಯೋಜನೆಗಳಿಗೆ ರಚಿಸುವ ಮುನ್ನ ಮತದಾರರನ್ನು ಕೇಳಬೇಕು ಎಂದಷ್ಟೇ ಅವರು ಕೋರಿದರು. ತೆರಿಗೆ ಎಲ್ಲಿ ಸೋರಬಹುದು ಎಂಬುದನ್ನು ಇಷ್ಟು ಕರಾರುವಾಕ್ಕಾಗಿ ಗುರುತಿಸಿದವರಿಗೆ ವಿಷಯ ಅರ್ಥವಾಗಿಲ್ಲ ಎನ್ನಲಾಗದು.

ಈ ಹಕ್ಕು ಕಾಗದದಲ್ಲೇ ಉಳಿಯಬಾರದೆಂದರೆ ಕೆಲವು ತಿದ್ದುಪಡಿಗಳು ಆಗಲೇಬೇಕು. ಗೋಪ್ಯತಾ ಒಪ್ಪಂದಗಳು ಮತ್ತು ನೀರು, ವಿದ್ಯುತ್ತಿನ ಬೇಡಿಕೆಯ ಅಂಕಿಗಳು ಬಹಿರಂಗವಾಗುವ ತನಕ ಸಹಿ ಸಂಗ್ರಹದ ಗಡುವು ಆರಂಭವಾಗಬಾರದು. ಸಹಿ ಸಂಗ್ರಹ ಮುಗಿದ ಯೋಜನೆಗೆ ಹೊಸ ರಾಜ್ಯ ಕಾನೂನನ್ನು ಪೂರ್ವಾನ್ವಯ ಮಾಡಬಾರದು. ಭೂಬಳಕೆಯನ್ನು ಬದಲಿಸುವ ರಾಜಿ ತೀರ್ಪುಗಳೂ ಅದೇ ಮತದಾರರ ಮುಂದೆ ಬರಬೇಕು.