ಮೊದಲು ಜೀರ್ಣ, ಆಮೇಲೆ ಊಟ: ಶಿಲೀಂಧ್ರಗಳ ಬದುಕು

ಮಳೆ ಬಂದ ಮೇಲೆ ತಲೆ ಎತ್ತುವ ಅಣಬೆಯನ್ನೇ ನಾವು ಇಡೀ ಜೀವಿ ಅಂದುಕೊಳ್ಳುತ್ತೇವೆ. ಆದರೆ ಅದರ ಕೆಲಸ ಬೀಜದಂಥ ಸೂಕ್ಷ್ಮ ಕಣಗಳಾದ ಬೀಜಕಗಳನ್ನು ಗಾಳಿಗೆ ಬಿಡುವುದಷ್ಟೇ. ಆ ಶಿಲೀಂಧ್ರದ ಉಳಿದ ಮೈಯೆಲ್ಲ ಮಣ್ಣಿನಲ್ಲಿ, ಕೊಳೆತ ಮರದೊಳಗೆ ಕೂದಲಿಗಿಂತ ಸಣ್ಣ ಎಳೆಗಳಾಗಿ ಹರಡಿರುತ್ತದೆ. ಅಮೆರಿಕದ ಆರೆಗಾನ್‌ನ ಒಂದು ಕಾಡಿನಲ್ಲಿ ಒಂದೇ ಒಂದು ಆರ್ಮಿಲೇರಿಯಾ ಶಿಲೀಂಧ್ರ ಸುಮಾರು 9 ಚದರ ಕಿಲೋಮೀಟರ್ ಜಾಗದಲ್ಲಿ ಹಬ್ಬಿದೆ!

ಶಿಲೀಂಧ್ರಗಳಿಗೆ ಎಲೆಹಸಿರು ಇಲ್ಲ, ಬಾಯಿ ಹೊಟ್ಟೆಗಳೂ ಇಲ್ಲ. ನಾವು ತಿಂದು ಆಮೇಲೆ ಜೀರ್ಣಿಸುತ್ತೇವೆ. ಅವು ಜೀರ್ಣಿಸಿ ಆಮೇಲೆ ತಿನ್ನುತ್ತವೆ. ಎಳೆಗಳಿಂದ ಕಿಣ್ವಗಳನ್ನು ಹೊರಬಿಟ್ಟು, ಸುತ್ತಲಿನದನ್ನು ಕರಗಿಸಿ ಹೀರಿಕೊಳ್ಳುತ್ತವೆ. ನನ್ನ ಮಟ್ಟಿಗೆ ಇದೇ ಅವುಗಳ ಬಹುಮುಖ್ಯ ಗುಣ. ಅವುಗಳಿಂದ ನಮಗಾಗುವ ಉಪಕಾರ, ಅಪಕಾರ ಎರಡಕ್ಕೂ ಹೆಚ್ಚಾಗಿ ಇದೇ ಮೂಲ. ಮರವನ್ನು ಗಟ್ಟಿಯಾಗಿಸುವ ಲಿಗ್ನಿನ್ ಕೆಲವು ಶಿಲೀಂಧ್ರಗಳಿಗೆ ಕರಗುತ್ತದೆ. ಅವು ಇಲ್ಲದಿದ್ದರೆ ಬಿದ್ದ ಮರಗಳು ಕಾಡಿನಲ್ಲಿ ಸುಮ್ನೆ ರಾಶಿ ಬೀಳುತ್ತಿದ್ದವು. ಇನ್ನು ಕೆಲವು ಗಿಡಗಳ ಬೇರಿಗೆ ಅಂಟಿಕೊಂಡು ರಂಜಕ ತಂದುಕೊಟ್ಟು, ಬದಲಿಗೆ ಸಕ್ಕರೆ ಪಡೆಯುತ್ತವೆ.

ಊಟ ಮೈಯ ಹೊರಗೇ ಕರಗಿ ಬಿದ್ದಿದ್ದರೆ ಬ್ಯಾಕ್ಟೀರಿಯಾಗಳೂ ಪಾಲಿಗೆ ಬರುತ್ತವೆ, ಅಲ್ವಾ? ಅವುಗಳನ್ನು ತಡೆಯುವ ವಸ್ತುಗಳನ್ನು ಕೆಲವು ಶಿಲೀಂಧ್ರಗಳು ಹೊರಬಿಡುತ್ತವೆ. 1928ರಲ್ಲಿ ವಿಜ್ಞಾನಿ ಅಲೆಕ್ಸಾಂಡರ್ ಫ್ಲೆಮಿಂಗ್ ಕಂಡಿದ್ದು ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಪೆನಿಸಿಲಿಯಂ ಬೂಷ್ಟನ್ನು. ಪೆನಿಸಿಲಿನ್ ಸಿಕ್ಕಿದ್ದು ಅದರಿಂದಲೇ. ಕಸಿ ಮಾಡಿದ ಅಂಗವನ್ನು ದೇಹ ತಿರಸ್ಕರಿಸದಂತೆ ತಡೆಯುವ ಸೈಕ್ಲೋಸ್ಪೋರಿನ್ ಕೂಡ ಶಿಲೀಂಧ್ರದ್ದೇ. ಹಿಟ್ಟು ಉಬ್ಬಿಸುವ ಯೀಸ್ಟ್ ಎಲ್ಲರಿಗೂ ಗೊತ್ತು.

ಇವನ್ನು ಬಹಳ ಕಾಲ ಸಸ್ಯಗಳ ಜೊತೆಗೇ ಸೇರಿಸಿದ್ದರು. 1969ರಲ್ಲಿ ಪರಿಸರವಿಜ್ಞಾನಿ ರಾಬರ್ಟ್ ವಿಟೇಕರ್ ಜೀವಿಗಳ ಐದು ಸಾಮ್ರಾಜ್ಯಗಳ ವರ್ಗೀಕರಣದಲ್ಲಿ ಇವಕ್ಕೆ ಪ್ರತ್ಯೇಕ ಸ್ಥಾನ ಕೊಟ್ಟರು. ಒಳಗಿನ ಗುಂಪುಗಳನ್ನು ಮೊದಲಿನಿಂದ ಗುರುತಿಸಿದ್ದು ಮುಖ್ಯವಾಗಿ ಬೀಜಕ ಹುಟ್ಟುವ ರೀತಿಯಿಂದ. ಯೀಸ್ಟ್, ಪೆನಿಸಿಲಿಯಂ ಇರುವ ಗುಂಪಿನಲ್ಲಿ ಅವು ಚೀಲದೊಳಗೆ ಹುಟ್ಟುತ್ತವೆ. ಅಣಬೆಗಳು, ಗೋಧಿಯ ತುಕ್ಕುರೋಗದ ಶಿಲೀಂಧ್ರ ಇರುವ ಗುಂಪಿನಲ್ಲಿ ಸೂಕ್ಷ್ಮ ಕಾಂಡಗಳ ತುದಿಯಲ್ಲಿ. ಬ್ರೆಡ್ಡಿನ ಕಪ್ಪು ಬೂಷ್ಟಿನದು ಬೇರೆ ಗುಂಪು. ಕಪ್ಪೆಗಳನ್ನು ಕೊಲ್ಲುವ ಕೈಟ್ರಿಡ್‌ಗಳದು ಮತ್ತೊಂದು. ಅವುಗಳ ಬೀಜಕಗಳು ನೀರಿನಲ್ಲಿ ಈಜುತ್ತವೆ.

ಶಿಲೀಂಧ್ರದ ಕೋಶಗೋಡೆಯಲ್ಲಿರುವುದು ಕೀಟಗಳ ಹೊರಕವಚದಲ್ಲಿರುವ ಕೈಟಿನ್ ಎಂಬ ಗಟ್ಟಿ ವಸ್ತು. ಸಕ್ಕರೆಯನ್ನು ನಮ್ಮಂತೆ ಗ್ಲೈಕೋಜನ್ ರೂಪದಲ್ಲಿ ಕೂಡಿಡುತ್ತದೆ. ಡಿಎನ್‌ಎ ಪ್ರಕಾರವೂ ಇವು ಗಿಡಗಳಿಗಿಂತ ಪ್ರಾಣಿಗಳಿಗೇ ಹತ್ತಿರ. ಈ ನಂಟಿನಿಂದಾಗಿಯೇ ಶಿಲೀಂಧ್ರ ಸೋಂಕಿಗೆ ಔಷಧ ಹುಡುಕುವುದು ಕಷ್ಟ: ಅವುಗಳ ಕೋಶವನ್ನು ಕೊಲ್ಲುವಂಥದ್ದು ನಮ್ಮ ಕೋಶಕ್ಕೂ ಪೆಟ್ಟು ಕೊಡಬಹುದು. ಹಾಗಾಗಿ ಹಲವು ಔಷಧಗಳು ಒಂದು ಸಣ್ಣ ವ್ಯತ್ಯಾಸವನ್ನು ಹಿಡಿದುಕೊಂಡಿವೆ. ನಮ್ಮ ಕೋಶಪೊರೆಯಲ್ಲಿ ಕೊಲೆಸ್ಟರಾಲ್ ಇರುವ ಜಾಗದಲ್ಲಿ ಅವುಗಳಿಗೆ ಎರ್ಗೋಸ್ಟರಾಲ್ ಇದೆ. ಔಷಧ ಗುರಿ ಇಡುವುದು ಅದರ ಮೇಲೆ.