ರಸವಾದ: ಪಾದರಸದಿಂದ ಪರುಷದವರೆಗೆ

ಕೀಳು ಲೋಹವನ್ನು ಬಂಗಾರ ಮಾಡಲು, ದೇಹವನ್ನು ಮುಪ್ಪಿಲ್ಲದಂತೆ ಮಾಡಲು ಹೊರಟ ಹಳೆಯ ವಿದ್ಯೆ ರಸವಾದ. ಅದರಲ್ಲಿ ರಸವೆಂದರೆ ಪಾದರಸ, ಅಂದರೆ ಪಾರದ. ಶೈವ ರಸಸಿದ್ಧರಿಗೆ ಅದು ಶಿವನ ವೀರ್ಯ, ಗಂಧಕ ದೇವಿಯ ರಜಸ್ಸು. ಆದ್ದರಿಂದಲೇ ರಸಾರ್ಣವದಂಥ ಗ್ರಂಥಗಳಲ್ಲಿ ಒಲೆಗೆ ಕೈಹಾಕುವ ಮೊದಲು ಗುರುದೀಕ್ಷೆ, ರಸಲಿಂಗದ ಪೂಜೆ ಬರುತ್ತವೆ. ಅವರಿಗೆ ಬಂಗಾರ ಬರೀ ಪರೀಕ್ಷೆ. ಸಿದ್ಧವಾದ ಪಾರದವನ್ನು ಮೊದಲು ಲೋಹದ ಮೇಲೆ ನೋಡಿ, ಆಮೇಲೆ ದೇಹಕ್ಕೆ ಕೊಡಬೇಕು: 'ಯಥಾ ಲೋಹೇ ತಥಾ ದೇಹೇ'. ಗುರಿ ಇರುವುದು ಮುಪ್ಪಿಲ್ಲದ ದೇಹದಲ್ಲಿ, ಬದುಕಿರುವಾಗಲೇ ಸಿಗುವ ಮುಕ್ತಿಯಲ್ಲಿ. 14ನೇ ಶತಮಾನದ ಸರ್ವದರ್ಶನ ಸಂಗ್ರಹ ಇದನ್ನು ರಸೇಶ್ವರ ದರ್ಶನವೆಂದು ಪ್ರತ್ಯೇಕ ಮತವಾಗಿಯೇ ಎಣಿಸಿದೆ.

ಪಾರದಕ್ಕೆ 18 ಸಂಸ್ಕಾರ, ಅಂದರೆ ಅದನ್ನು ಹದಗೊಳಿಸುವ ಹಂತಗಳು. ಸ್ವೇದನ, ಮರ್ದನ, ಮೂರ್ಛನ ಎಂದು ಶುರುವಾಗುವ ಮೊದಲ 8 ಔಷಧಕ್ಕೆ ಸಾಕು. ಕೊನೆಯ ಎರಡು ವೇಧ ಮತ್ತು ಶರೀರಯೋಗ, ಅಂದರೆ ಲೋಹದೊಳಗೆ ಹೊಕ್ಕು ಅದನ್ನು ಬದಲಿಸುವುದು, ಬಳಿಕ ದೇಹವನ್ನು. ನಡುವೆ ಬರುವ, ಪಾರದವನ್ನು ಬಟ್ಟಿ ಇಳಿಸುವ ಪಾತನ ನೋಡಿದರೆ ಇಡೀ ವಿದ್ಯೆಯ ಮನಸ್ಸು ತಿಳಿಯುತ್ತದೆ. ಎರಡು ಗಡಿಗೆಗಳನ್ನು ಬಾಯಿಗೆ ಬಾಯಿ ಕೂಡಿಸಿ, ಸಂದಿಗೆ ಮಣ್ಣು ಮೆತ್ತಿದ ಬಟ್ಟೆಯನ್ನು ಪದರ ಪದರವಾಗಿ ಸುತ್ತಿ, ಕೆಳಗೆ ಉರಿ ಹಾಕಿ, ಮೇಲಿನ ಗಡಿಗೆಗೆ ಒದ್ದೆ ಬಟ್ಟೆ ಹೊದಿಸುತ್ತಾರೆ. ಪಾರದ 357 ಡಿಗ್ರಿಗೆ ಆವಿಯಾಗಿ ಮೇಲೆ ಹೋಗಿ ತಣಿಯುತ್ತದೆ. ಸೀಸ, ತವರದ ಕಲಬೆರಕೆ ತಳದಲ್ಲೇ ಉಳಿಯುತ್ತದೆ. ಸಂದಿ ಬಿರುಕು ಬಿಟ್ಟರೆ ಪಾರದವೂ ಹೋಯಿತು, ಒಲೆ ಮುಂದೆ ಕೂತವನ ಎದೆಗೂ ಕೇಡು. ಪಾರದವನ್ನು ಗಂಧಕದೊಡನೆ ಅರೆದಾಗ ಕಾಡಿಗೆಯಂಥ ಕಜ್ಜಲಿ ಬರಬೇಕು. ಬಿಸಿಲಿಗೆ ಹಿಡಿದಾಗ ಒಂದು ಚುಕ್ಕೆ ಹೊಳೆದರೂ ಬಿಡಿ ಪಾರದ ಉಳಿದಿದೆ, ಅರೆತ ಮುಗಿದಿಲ್ಲ.

ಮೇಲಿನ ಬಣ್ಣವಷ್ಟೇ ಬದಲಾದರೆ ವೇಧ ಆಗಲಿಲ್ಲ. ಬೀದರಿನ ಬಿದ್ರಿ ಪಾತ್ರೆ ನೋಡಿ: ಸತುವೇ ಹೆಚ್ಚು, ತಾಮ್ರ ಸ್ವಲ್ಪ ಇರುವ ಮಿಶ್ರಲೋಹವನ್ನು ಕೋಟೆಯ ಮಣ್ಣು, ನವಸಾಗರದ ನೀರಿನಲ್ಲಿ ಬಿಸಿಮಾಡಿದರೆ ಅದು ಕಡುಗಪ್ಪಾಗುತ್ತದೆ, ಬೆಳ್ಳಿಯ ಕುಸುರಿ ಬೆಳ್ಳಗೇ ಉಳಿಯುತ್ತದೆ. ಕಲೆ ದೊಡ್ಡದೇ, ಆದರೆ ಕಪ್ಪು ತೊಗಲಿನಷ್ಟೇ ಆಳ. ಒಳಗಿನ ಲೋಹ ಮೊದಲಿನದೇ.

ಹಠಯೋಗಿಗಳು ಇದೇ ಮಾತನ್ನು ಉಸಿರಿಗೆ ತಂದರು. ಮೂರ್ಛಿತವಾದದ್ದು ರೋಗ ಕಳೆಯುತ್ತದೆ, ಸತ್ತದ್ದು ಬದುಕಿಸುತ್ತದೆ, ಕಟ್ಟಿದ್ದು ಆಕಾಶದಲ್ಲಿ ಸಂಚರಿಸುವ ಸಿದ್ಧಿ ಕೊಡುತ್ತದೆ ಎಂದು ಹಠಯೋಗ ಪ್ರದೀಪಿಕೆ ಹೇಳುವುದು ರಸಕ್ಕೂ ವಾಯುವಿಗೂ ಒಟ್ಟಿಗೆ.

ಕಲ್ಯಾಣದ ಶರಣರು ಮಾತ್ರ ಈ ಗುರಿಯನ್ನೇ ಒಪ್ಪಲಿಲ್ಲ. ಶೂನ್ಯಸಂಪಾದನೆಯಲ್ಲಿ ನಾಥಸಿದ್ಧ ಗೋರಕ್ಷನ ವಜ್ರಕಾಯಕ್ಕೆ ಅಲ್ಲಮ ಕತ್ತಿ ಬೀಸಿದಾಗ ಖಣಿಲೆಂದು ಸದ್ದಾಗುತ್ತದೆ. ಅದೇ ಕತ್ತಿ ಅಲ್ಲಮನ ಮೇಲೆ ಬಂದಾಗ ಬಯಲಲ್ಲಿ ಆಡಿದಂತೆ ಹಾದುಹೋಗುತ್ತದೆ. ಸದ್ದು ಬರಲು ಅಲ್ಲೇನೋ ಗಟ್ಟಿಯಾಗಿ ಉಳಿದಿರಬೇಕಲ್ಲ! ದೇಹ ಗಟ್ಟಿಯಾದಷ್ಟೂ 'ನಾನು' ಗಟ್ಟಿಯಾಯಿತು ಎಂಬುದು ಅಲ್ಲಮನ ಆಕ್ಷೇಪ. ರಸವಾದಕ್ಕೆ ಇದಕ್ಕಿಂತ ಹರಿತವಾದ ಟೀಕೆ ಸಿಗುವುದು ಕಷ್ಟ.

ಗುರಿಯನ್ನು ಬಿಟ್ಟರೂ ಶರಣರು ಪರುಷವನ್ನು, ಅಂದರೆ ಮುಟ್ಟಿದ ಕಬ್ಬಿಣವನ್ನು ಬಂಗಾರ ಮಾಡುವ ಕಲ್ಲಿನ ಮಾತನ್ನು, ಬಿಡಲಿಲ್ಲ. ಬಸವಕಲ್ಯಾಣದಲ್ಲಿ ಇವತ್ತಿಗೂ ಪರುಷಕಟ್ಟೆ ಇದೆ. ಪರುಷ ಮುಟ್ಟಿದ ಕಬ್ಬಿಣ ಮತ್ತೆ ಕಬ್ಬಿಣವಾಗದು. ಹಾಗೆಯೇ ಲಿಂಗ ಮುಟ್ಟಿದವನಿಗೆ ಹಿಂದಿನ ಕುಲವಿಲ್ಲ. ಇಲ್ಲಿ ಕುಲುಮೆ, ಗಡಿಗೆ, 18 ಸಂಸ್ಕಾರ ಏನೂ ಬೇಡ, ಕಾಯಸಿದ್ಧಿಯ ಆಸೆಯೂ ಬೇಡ. ಉಳಿದದ್ದು ಒಂದು ಸ್ಪರ್ಶ, ಅದೂ ಜಾತಿ ಕಳೆಯುವ ಸ್ಪರ್ಶ. ಆದರೆ ಪರುಷ ಕಬ್ಬಿಣವನ್ನು ಇನ್ನೊಂದು ಪರುಷ ಮಾಡಲಾರದು, ಗುರು ಶಿಷ್ಯನನ್ನು ಗುರುವನ್ನೇ ಮಾಡಬಲ್ಲ ಎಂಬ ಮಾತೂ ಭಕ್ತರಲ್ಲಿದೆ. ಇದೇ ನೆಲದ ಸೂಫಿ ಪರಂಪರೆಯಲ್ಲಿ ಪರುಷದ ಜಾಗ ಕೀಮಿಯಾದ್ದು, ಅಂದರೆ ಅವರ ರಸವಿದ್ಯೆಯದು: ನಫ್ಸ್, ಅಂದರೆ ಆಸೆ ಅಹಂಕಾರದ ಮನಸ್ಸು, ಕೀಳು ಲೋಹ; ಗುರುವಾದ ಮುರ್ಷಿದರ ನೋಟವೇ ಅದನ್ನು ಮಾರ್ಪಡಿಸುವ ಅಕ್ಸೀರ್.

ಹಳೆಯ ವಿದ್ಯೆಯ ಹೆಸರಲ್ಲಿ ಈಗ ಪಾರದ ಲಿಂಗಗಳು ಮಾರಾಟಕ್ಕಿವೆ. ಶುದ್ಧ ಪಾದರಸ ಹೆಪ್ಪುಗಟ್ಟಲು ಸೊನ್ನೆಗಿಂತ ಸುಮಾರು 39 ಡಿಗ್ರಿ ಕೆಳಗೆ ಹೋಗಬೇಕು. ಕಲಬುರಗಿಯ ಬಿಸಿಲಲ್ಲಿ ಗಟ್ಟಿಯಾಗಿ ಕೂರುವ ಲಿಂಗದಲ್ಲಿ ಬೇರೆ ಲೋಹ ಬೆರೆತೇ ಇರುತ್ತದೆ, ಸೀಸವೂ ಇರಬಹುದು. ಪೂಜೆ ನಿಮ್ಮಿಷ್ಟ. ಅದರ ಮೇಲೆ ಎರೆದ ಹಾಲು, ನೀರನ್ನು ತೀರ್ಥವೆಂದು ಕುಡಿಯಬೇಡಿ, ಮಕ್ಕಳಿಗಂತೂ ಕೊಡಲೇಬೇಡಿ; ಲಿಂಗವನ್ನು ಒಲೆಯ ಹತ್ತಿರವೂ ಇಡಬಾರದು.